ಮಡಚುವ ಚಾಕುಗಳ ಸಂಗ್ರಹ: ಹೊಸಬರು ಪದೇ ಪದೇ ಕೇಳುವ ಪ್ರಶ್ನೆಗಳು

ಜೇಬಿನಲ್ಲಿ ಹಿಡಿಸುವ ಮಡಚು ಚಾಕುಗಳನ್ನು ಕೂಡಿಡಲು ಹೊರಟವರು ಮಾತಿನಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇಲ್ಲಿವೆ. ಪ್ರತಿ ಉತ್ತರವನ್ನೂ ಬಿಡಿಯಾಗಿ ಓದಬಹುದು. ಏನೂ ಗೊತ್ತಿಲ್ಲದವರು ಮೇಲಿನಿಂದ ಓದಿದರೆ ಒಳ್ಳೆಯದು. ಈಗಾಗಲೇ ಹತ್ತಿಪ್ಪತ್ತು ಚಾಕು ಇರುವವರು ನೇರವಾಗಿ ಮುದ್ರೆ ಮತ್ತು ನಕಲಿಗಳ ಭಾಗಕ್ಕೆ ಹೋಗಬಹುದು.

## ಮೊದಲ ಹೆಜ್ಜೆ

ಸಂಗ್ರಹ ಶುರು ಮಾಡಬೇಕು ಅಂತಿದ್ದೇನೆ. ಮೊದಲ ಚಾಕು ಯಾವುದಿರಲಿ?

ಒಂದಲ್ಲ, ಮೂರು ಕೊಳ್ಳಿ. ಮೂರೂ ಹೊಸವಿರಲಿ, ಮೂರನ್ನೂ ಬಳಸಿ. ಸ್ವಿಟ್ಜರ್ಲೆಂಡಿನ ವಿಕ್ಟೋರಿನಾಕ್ಸ್ ಕಂಪನಿಯ 91 ಮಿ.ಮೀ. ಚಾಕು ಒಂದು, ಫ್ರಾನ್ಸಿನ ಒಪಿನೆಲ್ ಕಂಪನಿಯ ಕಾರ್ಬನ್ ಉಕ್ಕಿನ ನಂ. 8 ಒಂದು, ಎಲುಬಿನ ಹಿಡಿಯಿರುವ ಎರಡು ಅಲಗಿನ ಸಾಂಪ್ರದಾಯಿಕ ಚಾಕು ಇನ್ನೊಂದು.

ಮೂರೂ ಬೇರೆ ಬೇರೆ ಪಾಠ ಕಲಿಸುತ್ತವೆ. ವಿಕ್ಟೋರಿನಾಕ್ಸ್ ತೆರೆದು ಮಡಚುತ್ತಿದ್ದರೆ ಸ್ಪ್ರಿಂಗ್ ಎಷ್ಟು ಹದವಾಗಿರಬಹುದು, ಜೋಡಣೆಯಲ್ಲಿ ಎಷ್ಟು ಕಡಿಮೆ ಸಂದು ಉಳಿಯಬಹುದು ಎನ್ನುವುದು ಕೈಗೆ ತಿಳಿಯುತ್ತದೆ. ಒಪಿನೆಲ್‌ನ ಅಲಗು ಒಂದು ಈರುಳ್ಳಿ, ಒಂದು ನಿಂಬೆ ಕೊಯ್ಯುವಷ್ಟರಲ್ಲಿ ಬಣ್ಣ ಬದಲಿಸುತ್ತದೆ. ಅದರ ಬೀಚ್ ಮರದ ಹಿಡಿ ತೇವಕ್ಕೆ ಉಬ್ಬಿ ಅಲಗನ್ನು ಕಚ್ಚಿಕೊಳ್ಳುವುದೂ ಉಂಟು. ಆಗ ಎಳೆದಾಡದೆ ಎರಡು ದಿನ ನೆರಳಿನಲ್ಲಿ ಒಣಗಲು ಬಿಡಬೇಕು. ಮೂರನೆಯದರಲ್ಲಿ ಕೈಯಿಂದ ಕೂರಿಸಿದ ಎಲುಬು, ಲೋಹದ ತುದಿ, ಪಿನ್ನುಗಳು ಒಂದಕ್ಕೊಂದು ಹೇಗೆ ಸೇರಿವೆ ಎಂದು ನೋಡಲು ಸಿಗುತ್ತದೆ.

ಮೊದಲ ಆರು ತಿಂಗಳು ಹಳೆಯ, ಅಪರೂಪದ ಚಾಕುಗಳ ತಂಟೆಗೆ ಹೋಗಬೇಡಿ. ಒಳ್ಳೆಯ ಚಾಕುವಿನ ನಡೆ ಬೆರಳಿಗೆ ಪರಿಚಯವಾಗುವ ಮೊದಲು ಕೊಂಡ ಹಳೆಯ ಚಾಕುಗಳು ಸಾಮಾನ್ಯವಾಗಿ ಆಮೇಲೆ ಪೆಟ್ಟಿಗೆಯ ತಳ ಸೇರುತ್ತವೆ.

ಕಂಡಿದ್ದೆಲ್ಲ ಬೇಕು ಅನ್ನಿಸುತ್ತೆ. ಎಲ್ಲಿ ಗೆರೆ ಎಳೆಯೋದು?

ಸಂಗ್ರಹಕ್ಕೆ ಒಂದು ಎಳೆ ಬೇಕು. ಆ ಎಳೆ ಒಬ್ಬ ತಯಾರಕನಾಗಿರಬಹುದು, ಒಂದು ಮಾದರಿಯಾಗಿರಬಹುದು (ಬಾರ್ಲೋ ಮಾತ್ರ, ಆದರೆ ಎಲ್ಲ ತಯಾರಕರದ್ದು), ಒಂದು ಊರಾಗಿರಬಹುದು (ಜರ್ಮನಿಯ ಸೋಲಿಂಗೆನ್, ಇಂಗ್ಲೆಂಡಿನ ಶೆಫೀಲ್ಡ್, ಫ್ರಾನ್ಸಿನ ತಿಯೇರ್, ಜಪಾನಿನ ಸೆಕಿ), ಹಿಡಿಯ ವಸ್ತುವಾಗಿರಬಹುದು, ಇಲ್ಲವೇ ಲಾಕಿನ ಬಗೆಯಾಗಿರಬಹುದು.

ನಮ್ಮ ಸಲಹೆ ಕೇಳಿದರೆ ಮಾದರಿಯನ್ನೇ ಎಳೆಯಾಗಿ ಹಿಡಿಯಿರಿ. ಒಂದೇ ಮಾದರಿಯ ಹತ್ತು ಚಾಕುಗಳನ್ನು ಪಕ್ಕಪಕ್ಕದಲ್ಲಿ ಇಟ್ಟಾಗ ಯಾರು ಸ್ಪ್ರಿಂಗನ್ನು ಚೆನ್ನಾಗಿ ಕೂರಿಸಿದ್ದಾರೆ, ಯಾರು ಅಲಗನ್ನು ತೆಳುವಾಗಿ ತೇದಿದ್ದಾರೆ ಎನ್ನುವುದು ತಾನಾಗಿ ಕಣ್ಣಿಗೆ ಬೀಳುತ್ತದೆ. ಹತ್ತು ಬಗೆಯ ಹತ್ತು ಚಾಕುಗಳಿಂದ ಈ ಕಣ್ಣು ಬರುವುದಿಲ್ಲ.

ಭಾಗಗಳ ಹೆಸರೇ ಗೊತ್ತಾಗೋದಿಲ್ಲ. ಯಾವುದಕ್ಕೆ ಏನಂತಾರೆ?

ಅಲಗಿನಲ್ಲಿ ಕೀಲಿನ ಹತ್ತಿರ ಇರುವ ದಪ್ಪ, ಹರಿತವಿಲ್ಲದ ಬುಡಕ್ಕೆ ಟ್ಯಾಂಗ್ ಎನ್ನುತ್ತಾರೆ. ತಯಾರಕರ ಮುದ್ರೆ ಸಾಮಾನ್ಯವಾಗಿ ಇರುವುದು ಇಲ್ಲೇ. ಟ್ಯಾಂಗ್‌ನ ಕೆಳಗೆ ಚಿಕ್ಕ ಉಬ್ಬು ಒಂದಿರುತ್ತದೆ, ಅದು ಕಿಕ್. ಮಡಚಿದಾಗ ಅದು ಸ್ಪ್ರಿಂಗಿನ ಮೇಲೆ ಕೂತು ಅಲಗಿನ ಬಾಯಿ ಸ್ಪ್ರಿಂಗಿಗೆ ತಾಗದಂತೆ ತಡೆಯುತ್ತದೆ. ಹಿಡಿಯ ಎರಡೂ ತುದಿಗೆ ಇರುವ ಲೋಹದ ಕಟ್ಟು ಬೋಲ್‌ಸ್ಟರ್. ಒಳಗಿನ ತೆಳು ಲೋಹದ ಪಟ್ಟಿ, ಹಳೆಯವುಗಳಲ್ಲಿ ಹೆಚ್ಚಾಗಿ ಹಿತ್ತಾಳೆ, ಲೈನರ್. ಅದರ ಮೇಲೆ ಹೊದಿಸಿದ ಎಲುಬು, ಮರ, ಪ್ಲಾಸ್ಟಿಕ್ ಏನೇ ಇರಲಿ, ಅದು ಸ್ಕೇಲ್. ಸ್ಕೇಲಿನ ಮೇಲೆ ಕೂರಿಸಿದ ಪುಟ್ಟ ಲೋಹದ ಬಿಲ್ಲೆ ಶೀಲ್ಡ್. ಅಲಗನ್ನು ಎಳೆಯಲು ಉಗುರು ಸಿಕ್ಕಿಸುವ ಗೀರನ್ನು ಈ ಪುಟದಲ್ಲಿ ಉಗುರುಗಚ್ಚು ಎಂದು ಕರೆದಿದ್ದೇವೆ.

ಚಾಕುವಿನ ಉದ್ದ ಅಂದರೆ ತೆರೆದಾಗಿನದ್ದೋ ಮಡಚಿದಾಗಿನದ್ದೋ?

ಮಡಚಿದಾಗಿನದ್ದು. ಬೋಲ್‌ಸ್ಟರಿನ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಅಳೆಯುತ್ತಾರೆ. ಹೊರಚಾಚಿದ ಟ್ಯಾಂಗನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಒಪಿನೆಲ್ ಇದಕ್ಕೆ ಹೊರತು. ಅದರ ನಂಬರು ಗಾತ್ರದ ಕ್ರಮ, ನಂ. 8ರ ಅಲಗು 8.5 ಸೆಂ.ಮೀ. ಕಾನೂನಿನ ಮಾತು ಬಂದಾಗ ಮಾತ್ರ ಉದ್ದ ಎಂದರೆ ಸಾಮಾನ್ಯವಾಗಿ ಅಲಗಿನ ಉದ್ದ.

ಇಷ್ಟೊಂದು ಚಾಕು ಇಟ್ಟುಕೊಂಡರೆ ಕಾನೂನಿನ ತೊಂದರೆ ಇಲ್ಲವಾ?

ಮನೆಯಲ್ಲಿ ಇಟ್ಟುಕೊಳ್ಳುವುದು ಬೇರೆ, ಜೇಬಿನಲ್ಲಿ ಹೊತ್ತು ತಿರುಗುವುದು ಬೇರೆ, ಗಡಿ ದಾಟಿಸಿ ತರಿಸಿಕೊಳ್ಳುವುದು ಇನ್ನೂ ಬೇರೆ. ಮೂರಕ್ಕೂ ನಿಮ್ಮ ದೇಶದ ನಿಯಮವನ್ನು ಪ್ರತ್ಯೇಕವಾಗಿ ನೋಡಬೇಕು. ಕಾನೂನುಗಳು ಸಾಮಾನ್ಯವಾಗಿ ಗಮನಿಸುವುದು ನಾಲ್ಕು ಸಂಗತಿ: ಅಲಗಿನ ಉದ್ದ, ಲಾಕ್ ಇದೆಯೇ, ಒಂದೇ ಕೈಯಿಂದ ತೆರೆಯುತ್ತದೆಯೇ, ಗುಂಡಿ ಒತ್ತಿದರೆ ತಾನಾಗಿ ಚಿಮ್ಮುತ್ತದೆಯೇ. ಬ್ರಿಟನ್ನಿನಲ್ಲಿ ಲಾಕ್ ಇಲ್ಲದ, ಬಾಯಿ 3 ಇಂಚು ಮೀರದ ಮಡಚು ಚಾಕುವನ್ನು ಕಾರಣ ಕೊಡದೆಯೂ ಜೊತೆಯಲ್ಲಿ ಇಟ್ಟುಕೊಳ್ಳಬಹುದು. ಅಷ್ಟೇ ಗಾತ್ರದ ಚಾಕುವಿಗೆ ಲಾಕ್ ಇದ್ದರೆ ತಕ್ಕ ಕಾರಣ ಬೇಕು. ಚಿಮ್ಮುವ ಚಾಕುಗಳಿಗೆ ಅನೇಕ ದೇಶಗಳಲ್ಲಿ ನಿರ್ಬಂಧವಿದೆ. ವಿಮಾನದಲ್ಲಿ ಕೈಚೀಲದಲ್ಲಂತೂ ಇಡಲೇಬೇಡಿ.

ಅಲಗನ್ನು ಮಡಚುವಾಗ ಟಪ್ ಅಂತ ಬಿಟ್ಟರೆ ಏನಾಗುತ್ತೆ?

ಆ ಸದ್ದು ಕೇಳಲು ಹಿತ, ನಿಜ. ಆದರೆ ವೇಗವಾಗಿ ಬಿದ್ದಾಗ ಕಿಕ್ ಇದ್ದರೂ ಅಲಗಿನ ಬಾಯಿ ಒಳಗಿನ ಸ್ಪ್ರಿಂಗಿಗೆ ಬಡಿದು ಒಂದು ಜಾಗದಲ್ಲಿ ಮೊಂಡಾಗಬಹುದು. ಕಾಲಕ್ರಮೇಣ ಕಿಕ್ ಕೂಡ ಚಪ್ಪಟೆಯಾಗುತ್ತದೆ. ಅಲಗಿನ ಬೆನ್ನನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹಿಡಿದು ಕೊನೆಯವರೆಗೂ ಕೈ ಬಿಡದೆ ಇಳಿಸಿ. ಇನ್ನೊಂದು ಕೈಯ ಬೆರಳುಗಳು ಅಲಗು ಕೂರುವ ಸಂದಿಯ ಮೇಲೆ ಬರದಿರಲಿ.

## ಮಾದರಿ, ಲಾಕು, ಉಕ್ಕು

ಬಾರ್ಲೋ, ಟ್ರ್ಯಾಪರ್, ಸ್ಟಾಕ್‌ಮನ್ ಅಂತ ಹೇಳ್ತಾರಲ್ಲ, ಅವೆಲ್ಲ ಕಂಪನಿ ಹೆಸರುಗಳಾ?

ಅಲ್ಲ, ಮಾದರಿಗಳ ಹೆಸರುಗಳು. ಯಾವ ತಯಾರಕನೂ ಮಾಡಬಹುದು. ಬಾರ್ಲೋ ಎಂದರೆ ಒಂದು ಕಡೆ ತುಂಬ ಉದ್ದನೆಯ ಬೋಲ್‌ಸ್ಟರ್, ಕಣ್ಣೀರ ಹನಿಯಂಥ ಹಿಡಿ, ಒಂದು ಅಥವಾ ಎರಡು ಅಲಗು. ಟ್ರ್ಯಾಪರ್‌ನಲ್ಲಿ ಒಂದೇ ಕಡೆಯಿಂದ ತೆರೆಯುವ ಎರಡು ಉದ್ದ ಅಲಗುಗಳು: ಒಂದು ಚೂಪು ಮೂತಿಯ ಕ್ಲಿಪ್, ಇನ್ನೊಂದು ಮೊಂಡು ಮೂತಿಯ ಸ್ಪೇ. ಸ್ಟಾಕ್‌ಮನ್‌ಗೆ ಮೂರು ಅಲಗು. ಕ್ಲಿಪ್ ಮತ್ತು ಸ್ಪೇ ಜೊತೆಗೆ ನೇರ ಬಾಯಿಯ ಶೀಪ್‌ಫುಟ್. ದನ ಸಾಕುವವರಿಗೆಂದು ರೂಪುಗೊಂಡ ಚಾಕು ಅದು. ಪೀನಟ್ ಹೆಸರಿಗೆ ತಕ್ಕಂತೆ ಪುಟ್ಟದು, ಮಡಚಿದಾಗ 3 ಇಂಚಿಗಿಂತ ಕಡಿಮೆ. ವಿಟ್ಲರ್‌ನಲ್ಲಿ ಮೂರು ಅಲಗಿಗೆ ಎರಡು ಸ್ಪ್ರಿಂಗ್. ದೊಡ್ಡ ಅಲಗು ಎರಡರ ಮೇಲೂ ಕೂರುತ್ತದೆ. ಕೂರಿಸುವುದು ಕಷ್ಟ, ಹಾಗಾಗಿ ಚೆನ್ನಾಗಿ ಕೂತ ವಿಟ್ಲರ್ ಸಿಕ್ಕರೆ ಬಿಡಬೇಡಿ.

ಲಾಕ್ ಇಲ್ಲದ ಚಾಕು ತಾನಾಗಿ ಮಡಚಿಕೊಳ್ಳೋದಿಲ್ಲವಾ? ಎಷ್ಟು ಬಗೆಯ ಲಾಕ್ ಇವೆ?

ಸ್ಲಿಪ್‌ಜಾಯಿಂಟ್ ಎನ್ನುವ ಹಳೆಯ ಬಗೆಯಲ್ಲಿ ಬೆನ್ನಿನ ಸ್ಪ್ರಿಂಗ್ ಟ್ಯಾಂಗ್‌ನ ಚಪ್ಪಟೆ ಮುಖವನ್ನು ಒತ್ತಿ ಹಿಡಿಯುತ್ತದೆ, ಅಷ್ಟೇ. ಅಲಗಿನ ಬೆನ್ನಿನ ಮೇಲೆ ಜೋರಾಗಿ ಒತ್ತಿದರೆ ಖಂಡಿತ ಮಡಚಿಕೊಳ್ಳುತ್ತದೆ. ಆದ್ದರಿಂದ ಚುಚ್ಚುವ ಕೆಲಸಕ್ಕೆ ಇದು ಸಲ್ಲದು. ಸ್ಪ್ರಿಂಗ್ ಎಷ್ಟು ಬಿಗಿಯಿದೆ ಎನ್ನುವುದನ್ನು ಸಂಗ್ರಾಹಕರು 1ರಿಂದ 10ರ ಅಳತೆಯಲ್ಲಿ ಹೇಳುತ್ತಾರೆ. 5-6 ಹಿತ, 8 ದಾಟಿದರೆ ಉಗುರು ಮುರಿಯುತ್ತದೆ, 3ಕ್ಕಿಂತ ಕೆಳಗಿದ್ದರೆ ಅಲಗು ಬಳುಕಿದಂತೆ ಇರುತ್ತದೆ.

ಜಪಾನಿನ ಹಿಗೊನೊಕಾಮಿಯಲ್ಲಿ ಸ್ಪ್ರಿಂಗೂ ಇಲ್ಲ, ಲಾಕೂ ಇಲ್ಲ. ಕೀಲಿನ ತಿಕ್ಕಾಟ ಮತ್ತು ಹೊರಚಾಚಿದ ಬಾಲದ ಮೇಲೆ ಹೆಬ್ಬೆರಳು ಇಟ್ಟುಕೊಳ್ಳುವುದೇ ಅದರ ಭದ್ರತೆ. ಒಪಿನೆಲ್‌ಗೆ 1955ರಲ್ಲಿ ಉಂಗುರದ ಲಾಕ್ ಬಂತು. ಮಡಚಿದ ಸ್ಥಿತಿಯಲ್ಲೂ ಅದು ಅಲಗನ್ನು ಹಿಡಿದಿಡುವಂತೆ ಆದದ್ದು 2000ದಲ್ಲಿ. ಹಳೆಯ ಒಪಿನೆಲ್ ಕೈಗೆ ಸಿಕ್ಕರೆ ಉಂಗುರವೇ ಅದರ ಕಾಲ ಹೇಳುವ ಮೊದಲ ಸುಳಿವು.

ಹಿಡಿಯ ಬೆನ್ನಿನ ಮೇಲೆ ಒತ್ತಿದರೆ ಬಿಡುವ ಲಾಕ್‌ಬ್ಯಾಕ್ ಬಗೆಯನ್ನು ಮನೆಮಾತು ಮಾಡಿದ್ದು ಅಮೆರಿಕದ ಬಕ್ ಕಂಪನಿಯ 1964ರ 110 ಮಾದರಿ. ಅದರ ಸಾಮಾನ್ಯ ದೋಷ: ಲಾಕಿನ ಕಚ್ಚಿನಲ್ಲಿ ಕೊಳೆ ತುಂಬಿ ಪೂರ್ತಿ ಕೂರದೆ ಇರುವುದು. ಲೈನರ್ ಲಾಕನ್ನು ಇಂದಿನ ರೂಪಕ್ಕೆ ತಂದವರು ಅಮೆರಿಕದ ಮೈಕೆಲ್ ವಾಕರ್, 1980ರ ದಶಕದ ಆರಂಭದಲ್ಲಿ. ಇದರಲ್ಲಿ ಒಳಗಿನ ಲೈನರ್ ಪಕ್ಕಕ್ಕೆ ಸರಿದು ಟ್ಯಾಂಗ್‌ನ ಹಿಂದೆ ನಿಲ್ಲುತ್ತದೆ. ಹಿಡಿಯ ದಪ್ಪ ಚೌಕಟ್ಟೇ ಆ ಕೆಲಸ ಮಾಡಿದರೆ ಫ್ರೇಮ್ ಲಾಕ್. ಎರಡರಲ್ಲೂ ಲಾಕಿನ ಪಟ್ಟಿ ಟ್ಯಾಂಗ್‌ನ ಅಗಲದ ಮೂರನೇ ಒಂದು ಭಾಗದಿಂದ ಅರ್ಧದವರೆಗೆ ಒಳಗೆ ಬಂದಿರಬೇಕು. ಅಂಚಿನಲ್ಲಷ್ಟೇ ನಿಂತಿದ್ದರೆ ಜಾರುವ ಭಯ, ಆಚೆ ಬದಿಯ ಲೈನರಿಗೆ ತಾಗಿದ್ದರೆ ಸವೆದು ಮುಗಿದಿದೆ ಎಂದರ್ಥ. ಒಂದೇ ಕೈಯಿಂದ ತೆರೆಯಲು ಅಲಗಿನಲ್ಲಿ ದುಂಡು ತೂತು, ಜೇಬಿಗೆ ಸಿಕ್ಕಿಸಲು ಕ್ಲಿಪ್, ಇವೆರಡನ್ನೂ ಅಮೆರಿಕದ ಸ್ಪೈಡರ್ಕೊ ಕಂಪನಿ 1981ರಲ್ಲಿ ತಂದಿತು. ಇಂದಿನ ಬಹುಪಾಲು ಹೊಸ ಚಾಕುಗಳು ಆ ದಾರಿಯಲ್ಲೇ ನಡೆದಿವೆ.

ಕಾರ್ಬನ್ ಉಕ್ಕು ಒಳ್ಳೆಯದೋ ಸ್ಟೇನ್‌ಲೆಸ್ಸೋ?

ಸಂಗ್ರಹದ ದೃಷ್ಟಿಯಲ್ಲಿ ಎರಡೂ ಒಳ್ಳೆಯವೇ, ಆರೈಕೆ ಮಾತ್ರ ಬೇರೆ. 1095ರಂಥ ಕಾರ್ಬನ್ ಉಕ್ಕಿನಲ್ಲಿ ಸುಮಾರು 0.95% ಇಂಗಾಲವಿದೆ, ಕ್ರೋಮಿಯಂ ಇಲ್ಲವೆನ್ನುವಷ್ಟು ಕಡಿಮೆ. ಬೇಗ ಹರಿತವಾಗುತ್ತದೆ, ಬೇಗ ತುಕ್ಕೂ ಹಿಡಿಯುತ್ತದೆ. ಸ್ಟೇನ್‌ಲೆಸ್ ಎನ್ನಿಸಿಕೊಳ್ಳಲು ಕನಿಷ್ಠ 10.5% ಕ್ರೋಮಿಯಂ ಬೇಕು. ಆದರೆ ಡಿ2 ಉಕ್ಕಿನಲ್ಲಿ ಸುಮಾರು 12% ಇದ್ದರೂ ಅದು ಪೂರ್ತಿ ತುಕ್ಕುರಹಿತವಲ್ಲ, ಏಕೆಂದರೆ ಕ್ರೋಮಿಯಂನ ದೊಡ್ಡ ಪಾಲು ಇಂಗಾಲದ ಜೊತೆ ಕೂಡಿ ಗಟ್ಟಿ ಕಣಗಳಾಗಿಬಿಡುತ್ತದೆ. ಉಕ್ಕನ್ನು ಕಾಯಲು ಉಳಿಯುವುದು ಸ್ವಲ್ಪ. ಡಿ2 ಚಾಕು ಸ್ಟೇನ್‌ಲೆಸ್ ಎಂದು ನಂಬಿ ಎಣ್ಣೆ ಹಚ್ಚದೆ ಇಟ್ಟವರು ಮಳೆಗಾಲ ಮುಗಿಯುವಷ್ಟರಲ್ಲಿ ಚುಕ್ಕೆಗಳನ್ನು ಕಾಣುತ್ತಾರೆ.

ಗಟ್ಟಿತನವನ್ನು ರಾಕ್‌ವೆಲ್ ಅಂಕಿಯಲ್ಲಿ ಹೇಳುತ್ತಾರೆ. ಸಾಂಪ್ರದಾಯಿಕ ಚಾಕುಗಳು 55-58ರ ಸುತ್ತ, ಪುಡಿಲೋಹದಿಂದ ಮಾಡಿದ ಹೊಸ ಉಕ್ಕುಗಳು 60 ದಾಟುತ್ತವೆ. ಅಂಕಿ ಹೆಚ್ಚಿದಷ್ಟೂ ಹರಿತ ಹೆಚ್ಚು ದಿನ ನಿಲ್ಲುತ್ತದೆ, ಬಾಯಿಯ ಅಂಚು ಚಕ್ಕೆ ಏಳುವ ಸಂಭವವೂ ಹೆಚ್ಚುತ್ತದೆ.

ಹಿಡಿಗೆ ಯಾವ ವಸ್ತು ಇದ್ದರೆ ಚೆನ್ನ?

ದನದ ಕಾಲೆಲುಬನ್ನು ಕೊರೆದು, ಬಣ್ಣ ಹಾಕಿದ ಜಿಗ್ಡ್ ಬೋನ್ ಸಂಗ್ರಾಹಕರ ಅಚ್ಚುಮೆಚ್ಚು. ಪ್ರತಿಯೊಂದರ ಬಣ್ಣವೂ ಬೇರೆ, ಕೈ ತಾಗಿದಷ್ಟೂ ಹೊಳಪೇರುತ್ತದೆ. ಪಿನ್ನಿನ ಸುತ್ತ ಕೂದಲಿನಷ್ಟು ತೆಳು ಬಿರುಕು ಬರುವುದು ಅದರ ದೌರ್ಬಲ್ಯ. ಸ್ಟ್ಯಾಗ್ ಎಂದರೆ ಜಿಂಕೆಯ ಕೊಂಬು. ಹಳೆಯ ಚಾಕುಗಳಲ್ಲಿನ ಉತ್ತಮ ಸ್ಟ್ಯಾಗ್ ಹೆಚ್ಚಾಗಿ ಭಾರತದ ಕಡವೆಯದ್ದು. ಅದರ ರಫ್ತನ್ನು ಭಾರತ ನಿಷೇಧಿಸಿರುವುದರಿಂದ ಹಳೆಯ ದಾಸ್ತಾನಿನ ಬೆಲೆ ಏರಿದೆ. ಆನೆಯ ದಂತ ಮತ್ತು ಆಮೆಯ ಚಿಪ್ಪಿನ ಹಿಡಿಗಳಿಂದ ಹೊಸಬರು ದೂರವಿರುವುದೇ ಸರಿ. ದೇಶದಿಂದ ದೇಶಕ್ಕೆ ಅವುಗಳ ವ್ಯಾಪಾರಕ್ಕೆ ಅಂತರರಾಷ್ಟ್ರೀಯ ಒಪ್ಪಂದದ ತಡೆಯಿದೆ, ವಶವಾದ ಚಾಕು ಮರಳಿ ಬರುವುದಿಲ್ಲ. ಬಟ್ಟೆಯ ಪದರಗಳನ್ನು ರಾಳದಲ್ಲಿ ಒತ್ತಿ ಮಾಡಿದ ಮೈಕಾರ್ಟಾ, ಗಾಜಿನ ನಾರಿನ ಜಿ10 ಎರಡೂ ತೇವಕ್ಕೆ ಅಂಜುವುದಿಲ್ಲ.

ಲಾಗಿಯೋಲ್ ಅಂತ ಬರೆದಿದ್ದರೆ ಅದು ಅಸಲಿ ಅಂತಲೇ ಅಲ್ಲವಾ?

ಅಲ್ಲ. ಲಾಗಿಯೋಲ್ ಎನ್ನುವುದು ಫ್ರಾನ್ಸಿನ ಅವೆರೋನ್ ಪ್ರಾಂತ್ಯದ ಒಂದು ಹಳ್ಳಿ, ಅಲ್ಲಿ ಹುಟ್ಟಿದ ಚಾಕುವಿನ ಶೈಲಿ. ಒಬ್ಬ ತಯಾರಕನ ಹೆಸರಲ್ಲ. ಆ ಪದವನ್ನೂ ಸ್ಪ್ರಿಂಗಿನ ಮೇಲಿನ ದುಂಬಿಯನ್ನೂ ಹಾಕಿದ ಅಗ್ಗದ ಚಾಕುಗಳು ಪ್ರಪಂಚದ ಎಲ್ಲೆಡೆ ತಯಾರಾಗುತ್ತವೆ. ಆದ್ದರಿಂದ ಪದವನ್ನು ಬಿಟ್ಟು ಅದರ ಪಕ್ಕದಲ್ಲಿ ಕಾರ್ಯಾಗಾರದ ಹೆಸರಿದೆಯೇ ನೋಡಿ, ಆಮೇಲೆ ಬೆನ್ನನ್ನು ನೋಡಿ. ಒಳ್ಳೆಯದರಲ್ಲಿ ಸ್ಪ್ರಿಂಗಿನ ಉದ್ದಕ್ಕೂ ಅರದಿಂದ ಕೈಯಲ್ಲೇ ಕೊರೆದ ಕುಸುರಿ ಇರುತ್ತದೆ, ಎರಡು ಚಾಕುಗಳ ಕುಸುರಿ ಒಂದೇ ತೆರ ಇರುವುದಿಲ್ಲ. ಸೋಲಿಂಗೆನ್ ಸಂಗತಿ ಬೇರೆ: 1938ರಿಂದ ಆ ಊರಿನ ಹೆಸರಿಗೆ ಜರ್ಮನಿಯಲ್ಲಿ ಕಾನೂನಿನ ರಕ್ಷಣೆಯಿದೆ.

## ಕೊಳ್ಳುವಾಗ

ಹಳೆಯ ಚಾಕು ಕೈಗೆ ಸಿಕ್ಕಿತು. ಕೊಳ್ಳೋ ಮೊದಲು ಏನೇನು ನೋಡಲಿ?

ತೆರೆಯುವ ಮೊದಲು ಮಡಚಿದ ಚಾಕುವನ್ನೇ ನೋಡಿ. ಅಲಗು ಎರಡು ಲೈನರ್‌ಗಳ ನಡುವೆ ಮಧ್ಯದಲ್ಲಿ ಕೂತಿದೆಯೇ, ಮೂತಿ ಹೊರಗೆ ಇಣುಕುತ್ತಿದೆಯೇ ಗಮನಿಸಿ. ಇಣುಕುವ ಮೂತಿ ಜೇಬನ್ನೂ ಕೈಯನ್ನೂ ಹರಿಯುತ್ತದೆ. ಉಗುರುಗಚ್ಚು ಹಿಡಿಯೊಳಗೆ ಅರ್ಧ ಹೂತಿದ್ದರೆ ಕಿಕ್ ಸವೆದಿದೆ, ಇಲ್ಲವೇ ಯಾರೋ ಅರ ಹಾಕಿದ್ದಾರೆ. ಮೂತಿಯಿಂದ ಹಿಡಿಯ ತುದಿಯವರೆಗೆ ಅತಿಯಾದ ಜಾಗ ಖಾಲಿ ಇದ್ದರೆ ಮುರಿದ ಮೂತಿಯನ್ನು ತೇದು ಸರಿಮಾಡಿದ ಚಾಕು ಅದು.

ಈಗ ದೀಪಕ್ಕೆ ಎದುರಾಗಿ ಹಿಡಿದು ಸ್ಪ್ರಿಂಗ್ ಮತ್ತು ಲೈನರ್ ನಡುವೆ ನೋಡಿ. ಬೆಳಕಿನ ಗೆರೆ ಕಂಡರೆ ಸಂದು ಇದೆ. ಕೂದಲೆಳೆಯಷ್ಟಿದ್ದರೆ ಹಳೆಯದಕ್ಕೆ ಕ್ಷಮಿಸಬಹುದು, ಕಾಗದ ತೂರುವಷ್ಟಿದ್ದರೆ ಒಳಗೆ ತುಕ್ಕು ಉಬ್ಬಿ ತಳ್ಳಿರಬಹುದು.

ನಿಧಾನವಾಗಿ ತೆರೆಯಿರಿ. ಮಡಚಿದಾಗ, ಅರ್ಧದಲ್ಲಿ, ಪೂರ್ತಿ ತೆರೆದಾಗ, ಮೂರೂ ಸ್ಥಿತಿಯಲ್ಲಿ ಸ್ಪ್ರಿಂಗಿನ ಬೆನ್ನು ಲೈನರ್ ಅಂಚಿಗೆ ಸಮವಾಗಿದ್ದರೆ ಅದನ್ನು ಮಾಡಿದವರು ಕೆಲಸ ಬಲ್ಲವರು. ತೆರೆದ ಅಲಗಿನ ತುದಿಯನ್ನು ಎಡಕ್ಕೂ ಬಲಕ್ಕೂ, ಆಮೇಲೆ ಮೇಲಕ್ಕೂ ಕೆಳಕ್ಕೂ ಮೆಲ್ಲಗೆ ಅಲುಗಿಸಿ. ಅಡ್ಡ ಅಲುಗಾಟ ಕೀಲಿನ ಪಿನ್ ಸಡಿಲಾದ್ದರಿಂದ, ಅದಕ್ಕೆ ಪರಿಹಾರವಿದೆ. ಮೇಲೆ ಕೆಳಗಿನ ಅಲುಗಾಟ ಟ್ಯಾಂಗ್ ಅಥವಾ ಸ್ಪ್ರಿಂಗ್ ಸವೆದದ್ದರಿಂದ. ಅದಕ್ಕೆ ಸುಲಭ ಪರಿಹಾರವಿಲ್ಲ.

ಕೊನೆಗೆ ಅಲಗಿನ ಅಗಲ. ಟ್ಯಾಂಗ್ ಹತ್ತಿರ ಸಾಣೆ ತಾಗದ ಭಾಗ ಮೂಲದ ಅಗಲವನ್ನೇ ಉಳಿಸಿಕೊಂಡಿರುತ್ತದೆ. ಅಲ್ಲಿಂದ ಬಾಯಿ ಮೆಟ್ಟಿಲಿನಂತೆ ಒಳಗೆ ಸರಿದಿದ್ದರೆ ಎಷ್ಟು ಉಕ್ಕು ಸಾಣೆಕಲ್ಲಿಗೆ ಹೋಗಿದೆ ಎನ್ನುವುದು ಆ ಮೆಟ್ಟಿಲಿನಲ್ಲೇ ಇದೆ.

ಮಾರುವವರು ಮಿಂಟ್, ಎಕ್ಸಲೆಂಟ್ ಅಂತೆಲ್ಲ ಬರೀತಾರೆ. ಅದರ ಅರ್ಥ ಏನು?

ಮಿಂಟ್ ಎಂದರೆ ಕಾರ್ಖಾನೆಯಿಂದ ಬಂದ ಹಾಗೆಯೇ: ಕೊಂಡೊಯ್ದಿಲ್ಲ, ಬಳಸಿಲ್ಲ, ಸಾಣೆ ಹಿಡಿದಿಲ್ಲ. ನಿಯರ್ ಮಿಂಟ್‌ನಲ್ಲಿ ಕಾಲದ ಚಿಕ್ಕ ಕಲೆ ಇರಬಹುದು. ಎಕ್ಸಲೆಂಟ್ ಎಂದರೆ ಅಲಗಿನ ಸವೆತ ಸುಮಾರು 10%ರ ಒಳಗೆ, ವೆರಿ ಗುಡ್ ಸುಮಾರು 25%, ಫೇರ್ ಸುಮಾರು ಅರ್ಧ. ಅದಕ್ಕಿಂತ ಕೆಳಗಿನದು ಬಿಡಿಭಾಗಕ್ಕೆ ಮಾತ್ರ. ಹೊಳಪು ಯಂತ್ರಕ್ಕೆ ಒಡ್ಡಿದ ಹಳೆಯ ಚಾಕುವನ್ನು ಮಿಂಟ್ ಎಂದು ಬರೆಯುವವರು ಬಹಳ. ಒಮ್ಮೆ ಉಜ್ಜಿದ ಚಾಕು ಎಷ್ಟೇ ಥಳಥಳಿಸಲಿ, ಮಿಂಟ್ ಅಲ್ಲ.

ಫೋಟೋ ನೋಡಿ ಕೊಳ್ಳೋದಾದರೆ ಯಾವ ಯಾವ ಫೋಟೋ ಕೇಳಲಿ?

ಆರು ಸಾಕು: ಎಲ್ಲ ಅಲಗು ತೆರೆದು ಎರಡೂ ಬದಿ, ಮಡಚಿದಾಗ ಮೇಲಿನಿಂದ (ಅಲಗುಗಳ ಮಧ್ಯ ಗೆರೆ ಕಾಣುವಂತೆ), ಬೆನ್ನಿನ ಸ್ಪ್ರಿಂಗ್ ಬೆಳಕಿಗೆ ಹಿಡಿದು, ಪ್ರತಿ ಟ್ಯಾಂಗ್‌ನ ಮುದ್ರೆ ಹತ್ತಿರದಿಂದ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಒಂದು. ಎಷ್ಟು ಕೇಳಿದರೂ ಬೆನ್ನಿನ ಫೋಟೋ ಕಳಿಸದವರಿಂದ ಕೊಳ್ಳಬೇಡಿ.

ಮುದ್ರೆ ನೋಡಿ ಚಾಕು ಯಾವ ಕಾಲದ್ದು ಅಂತ ಹೇಳೋದು ಹೇಗೆ?

ಸಂಗ್ರಹದ ನಿಜವಾದ ಸಂತೋಷ ಇಲ್ಲಿ ಶುರುವಾಗುತ್ತದೆ. ಮೊದಲು ದೇಶದ ಹೆಸರು ನೋಡಿ. ಆಮದು ಸರಕಿನ ಮೇಲೆ ತಯಾರಾದ ದೇಶದ ಹೆಸರು ಇರಲೇಬೇಕು ಎಂದು ಅಮೆರಿಕ 1890ರ ಸುಂಕದ ಕಾಯ್ದೆಯಲ್ಲಿ ವಿಧಿಸಿತು, 1891ರಿಂದ ಅದು ಜಾರಿಗೆ ಬಂತು. ಆದ್ದರಿಂದ ಇಂಗ್ಲೆಂಡ್ ಅಥವಾ ಜರ್ಮನಿ ಎಂಬ ಪದ ಮುದ್ರೆಯಲ್ಲಿದ್ದರೆ ಚಾಕು ಬಹುಮಟ್ಟಿಗೆ ಅದರ ನಂತರದ್ದು. ಪಶ್ಚಿಮ ಜರ್ಮನಿ ಎಂದಿದ್ದರೆ 1949 ಮತ್ತು 1990ರ ನಡುವಿನದು. ಸ್ಟೇನ್‌ಲೆಸ್, ಅದೇ ಅರ್ಥದ ಜರ್ಮನ್ ಪದ ರೋಸ್ಟ್‌ಫ್ರೈ, ಫ್ರೆಂಚ್ ಪದ ಇನಾಕ್ಸ್, ಇವುಗಳಲ್ಲಿ ಯಾವುದಾದರೂ ಇದ್ದರೆ ಮೊದಲ ಮಹಾಯುದ್ಧಕ್ಕಿಂತ ಹಿಂದಿನದಾಗಲು ಸಾಧ್ಯವಿಲ್ಲ. ಶೆಫೀಲ್ಡಿನ ಹ್ಯಾರಿ ಬ್ರೇರ್ಲಿ ತುಕ್ಕು ಹಿಡಿಯದ ಉಕ್ಕನ್ನು ಕರಗಿಸಿದ್ದೇ 1913ರಲ್ಲಿ.

ತಯಾರಕರ ಹೆಸರಿನ ಚರಿತ್ರೆಯೂ ಕಾಲ ಹೇಳುತ್ತದೆ. ಕಾರ್ಲ್ ಎಲ್ಸೆನರ್ ಸ್ವಿಟ್ಜರ್ಲೆಂಡಿನ ಇಬಾಕ್‌ನಲ್ಲಿ ಕಾರ್ಯಾಗಾರ ತೆರೆದದ್ದು 1884ರಲ್ಲಿ, ಸೈನ್ಯಕ್ಕೆ ಚಾಕು ಕೊಟ್ಟದ್ದು 1891ರಲ್ಲಿ. ತಾಯಿ ವಿಕ್ಟೋರಿಯಾ ತೀರಿಕೊಂಡ 1909ರಲ್ಲಿ ಅವರ ಹೆಸರನ್ನು ಗುರುತಾಗಿ ಇಟ್ಟರು. 1921ರಲ್ಲಿ ಅದಕ್ಕೆ ಇನಾಕ್ಸ್ ಸೇರಿ ವಿಕ್ಟೋರಿನಾಕ್ಸ್ ಆಯಿತು. ಹಾಗಾಗಿ ವಿಕ್ಟೋರಿನಾಕ್ಸ್ ಎಂಬ ಪೂರ್ತಿ ಹೆಸರಿರುವ ಚಾಕುವನ್ನು ಮೊದಲ ಮಹಾಯುದ್ಧದ್ದು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಸ್ವಿಸ್ ಸೈನ್ಯಕ್ಕೆ ಚಾಕು ಮಾಡುತ್ತಿದ್ದ ಇನ್ನೊಂದು ಕಂಪನಿ ವೆಂಗರನ್ನು ವಿಕ್ಟೋರಿನಾಕ್ಸ್ ಕೊಂಡದ್ದು 2005ರಲ್ಲಿ.

ಅಮೆರಿಕದ ಕೇಸ್ ಕಂಪನಿಯ ಮುದ್ರೆ ಓದುವುದು ಕಲಿಯುವವರಿಗೆ ಒಳ್ಳೆಯ ಅಭ್ಯಾಸ. 1970ರಲ್ಲಿ ಮುದ್ರೆಯ ಕೆಳಗೆ ಹತ್ತು ಚುಕ್ಕೆ ಹಾಕಿ, ಪ್ರತಿ ವರ್ಷ ಒಂದೊಂದು ತೆಗೆಯುತ್ತ ಬಂದರು. ಮೂರು ಚುಕ್ಕೆ ಇದ್ದರೆ 1977, ಒಂದೇ ಇದ್ದರೆ 1979. 1980ರಲ್ಲಿ ಮತ್ತೆ ಹತ್ತು ಚುಕ್ಕೆಯಿಂದ ಎಣಿಕೆ ಶುರು. ಆಗಿನ ಮುದ್ರೆಯಲ್ಲಿ ಕೇಸ್ ಹೆಸರಿನ ಎಸ್ ಅಕ್ಷರ ಮಿಂಚಿನ ಆಕಾರದಲ್ಲಿದೆ, ಎರಡು ದಶಕಗಳನ್ನು ಬೇರ್ಪಡಿಸುವ ಗುರುತು ಅದೇ. ಮಾದರಿಯ ಸಂಖ್ಯೆಗೂ ಅರ್ಥವಿದೆ. 6254ರಲ್ಲಿ ಮೊದಲ 6 ಕೊರೆದ ಎಲುಬಿನ ಹಿಡಿ, ಮುಂದಿನ 2 ಅಲಗುಗಳ ಸಂಖ್ಯೆ, 54 ಟ್ರ್ಯಾಪರ್ ಚೌಕಟ್ಟು. 6318 ಎಂದರೆ ಅದೇ ಹಿಡಿ, ಮೂರು ಅಲಗು, 18ನೇ ಚೌಕಟ್ಟು. ಸಂಖ್ಯೆ ಮೂರು ಅಲಗು ಎನ್ನುತ್ತಿದ್ದು ಚಾಕುವಿನಲ್ಲಿ ಎರಡೇ ಇದ್ದರೆ ಒಂದು ಕಳೆದುಹೋಗಿದೆ ಇಲ್ಲವೇ ಅಲಗು ಬೇರೆ ಚಾಕುವಿನದು.

ನಕಲಿ ಅಥವಾ ಕಲಬೆರಕೆ ಚಾಕು ಗುರುತು ಹಿಡಿಯೋದು ಹೇಗೆ?

ಪೂರ್ತಿ ನಕಲಿಗಿಂತ ಹೆಚ್ಚಾಗಿ ಸಿಗುವುದು ಎರಡು ಚಾಕು ಸೇರಿಸಿ ಮಾಡಿದ ಒಂದು. ಅಲಗುಗಳ ಬಣ್ಣ ಹೋಲಿಸಿ. ಒಂದು ಬೂದು, ಪಕ್ಕದ್ದು ಬೆಳ್ಳಗೆ ಇದ್ದರೆ ಬೆಳ್ಳಗಿನದು ಆಮೇಲೆ ಬಂದದ್ದು. ಬೋಲ್‌ಸ್ಟರಿನಲ್ಲಿ ಕೀಲಿನ ಪಿನ್ ಮೂಲತಃ ಕಾಣದಷ್ಟು ಬೆರೆತಿರುತ್ತದೆ. ಅಲ್ಲಿ ಹೊಸ ಹೊಳಪಿನ ದುಂಡು ಗುರುತು ಅಥವಾ ಸುತ್ತಿಗೆಯ ಪೆಟ್ಟು ಕಂಡರೆ ಚಾಕು ಬಿಚ್ಚಿಸಿಕೊಂಡಿದೆ. ಇನ್ನೊಂದು ಚಾಲಾಕು: ಹಳೆಯ ಮುದ್ರೆಯ ಟ್ಯಾಂಗಿಗೆ ಹೊಸ ಅಲಗನ್ನು ಬೆಸೆಯುವುದು. ಬೋಲ್‌ಸ್ಟರಿನ ಮುಂದೆ ಅಲಗಿಗೆ ಅಡ್ಡಲಾಗಿ ಬಣ್ಣ ಬದಲಾದ ತೆಳು ಗೆರೆ ಇದೆಯೇ ಎಂದು 10 ಪಟ್ಟು ದೊಡ್ಡದು ಮಾಡುವ ಭೂತಗನ್ನಡಿಯಲ್ಲಿ ನೋಡಿ.

ಮುದ್ರೆಯನ್ನೇ ಹೊಸದಾಗಿ ಒತ್ತಿದ್ದರೆ ತುಕ್ಕಿನ ಗುಳಿಗಳು ಗುಟ್ಟು ಬಿಟ್ಟುಕೊಡುತ್ತವೆ. ಅಸಲಿನಲ್ಲಿ ಗುಳಿ ಅಕ್ಷರವನ್ನು ತಿಂದಿರುತ್ತದೆ. ಗುಳಿಗಳ ಮೇಲೆಯೇ ಅಕ್ಷರ ಚೂಪಾಗಿ, ಪೂರ್ತಿಯಾಗಿ ಕೂತಿದ್ದರೆ ತುಕ್ಕು ಮೊದಲು, ಅಕ್ಷರ ಆಮೇಲೆ. ಎಲುಬಿನ ಹಿಡಿಯ ಬಣ್ಣ ಕೊರೆತದ ತಳದಲ್ಲೂ ಪಿನ್ನಿನ ಅಂಚಿನಲ್ಲೂ ಒಂದೇ ಸಮ ಗಾಢವಾಗಿದ್ದರೆ ಅನುಮಾನಪಡಿ. ಕೈ ತಾಗಿ ಸವೆದದ್ದಾದರೆ ಉಬ್ಬಿನ ಮೇಲೆ ತಿಳಿ, ತಗ್ಗಿನಲ್ಲಿ ಗಾಢ ಇರಬೇಕು.

ಹೊಸ ಚಾಕುಗಳ ನಕಲುಗಳು ಬೇರೆ ರೀತಿಯವು. ತಯಾರಕರು ಹೇಳಿದ ತೂಕಕ್ಕೂ ನಿಮ್ಮ ತಕ್ಕಡಿಗೂ ಹತ್ತಾರು ಗ್ರಾಂ ವ್ಯತ್ಯಾಸ, ಸ್ಕ್ರೂ ತಲೆಯ ಬೇರೆ ಆಕಾರ, ಉಕ್ಕಿನ ಹೆಸರಿನ ಅಕ್ಷರಗಳ ಅಂಚು ಮಸುಕು, ಇವು ಮೊದಲು ಕಾಣುವ ಕುಂದುಗಳು.

## ಇಟ್ಟುಕೊಳ್ಳುವುದು, ಕಾಪಾಡುವುದು

ಚರ್ಮದ ಚೀಲದಲ್ಲೇ ಇಟ್ಟರೆ ಭದ್ರ ಅಲ್ಲವಾ?

ಒಯ್ಯುವುದಕ್ಕೆ ಚರ್ಮ ಸರಿ, ಇಡುವುದಕ್ಕೆ ಅಲ್ಲ. ಚರ್ಮ ಹದ ಮಾಡಿದ ಆಮ್ಲಗಳು ಅದರಲ್ಲೇ ಉಳಿದಿರುತ್ತವೆ, ಗಾಳಿಯ ತೇವವನ್ನೂ ಅದು ಹೀರುತ್ತದೆ. ಉಕ್ಕಿಗೆ ತುಕ್ಕು, ಹಿತ್ತಾಳೆಗೆ ಹಸಿರು ಕಿಲುಬು ಖಚಿತ. ಆಮ್ಲರಹಿತ ಕಾಗದ ಅಥವಾ ತೊಳೆದ ಹತ್ತಿಬಟ್ಟೆ ಹಾಸಿದ ಡ್ರಾಯರು ಸಾಕು. ಒಂದಕ್ಕೊಂದು ತಾಗದಿರಲಿ. ಗಾಳಿಯ ತೇವಾಂಶ 40-50% ಇದ್ದರೆ ಹದ. ಅದಕ್ಕಿಂತ ಬಹಳ ಒಣಗಿದರೆ ಎಲುಬು, ಮರ ಬಿರಿಯುತ್ತವೆ, ಆದ್ದರಿಂದ ಸಿಲಿಕಾ ಜೆಲ್ ಪೊಟ್ಟಣಗಳನ್ನು ಅಳತೆಯಿಲ್ಲದೆ ತುಂಬಬೇಡಿ. ಡ್ರಾಯರಿನಲ್ಲಿ ಚಿಕ್ಕದೊಂದು ತೇವಮಾಪಕ ಇಡಿ.

ಯಾವ ಎಣ್ಣೆ ಹಚ್ಚಲಿ? ಕೊಬ್ಬರಿ ಎಣ್ಣೆ ಆಗುತ್ತಾ?

ಅಡುಗೆಯ ಎಣ್ಣೆ ಯಾವುದೂ ಬೇಡ. ಅವು ಗಾಳಿಗೆ ಅಂಟಾಗುತ್ತವೆ ಇಲ್ಲವೇ ಕಮಟುತ್ತವೆ, ಕೀಲು ಬಿಗಿಯುತ್ತದೆ. ಆಹಾರಕ್ಕೆ ಬಳಸಬಹುದಾದ ಮಿನರಲ್ ಆಯಿಲ್ ಎಲ್ಲಕ್ಕೂ ಸಲ್ಲುತ್ತದೆ. ಕೀಲಿಗೆ ಸೂಜಿಮೊನೆಯಿಂದ ಒಂದೇ ಹನಿ ಬಿಟ್ಟು ಹತ್ತಿಪ್ಪತ್ತು ಸಲ ತೆರೆದು ಮಡಚಿ. ಕಪ್ಪು ಕೊಳೆ ಹೊರಬರುತ್ತದೆ, ಒರೆಸಿ, ಬಿಳಿ ಬಟ್ಟೆಗೆ ಕಪ್ಪು ಹತ್ತದವರೆಗೂ ಮುಂದುವರಿಸಿ. ಅಲಗಿಗೆ ಎಣ್ಣೆಯ ಪೊರೆ ಬೆರಳಚ್ಚು ಮೂಡದಷ್ಟು ತೆಳುವಾಗಿದ್ದರೆ ಸಾಕು. ಬಳಸದೆ ವರ್ಷಗಟ್ಟಲೆ ಇಡುವ ಚಾಕುಗಳಿಗೆ 1950ರ ದಶಕದಲ್ಲಿ ಬ್ರಿಟಿಷ್ ಮ್ಯೂಸಿಯಂನಲ್ಲಿ ರೂಪುಗೊಂಡ ರೆನೆಸಾನ್ಸ್ ವ್ಯಾಕ್ಸ್ ಎಂಬ ಮೇಣ ಎಣ್ಣೆಗಿಂತ ಉತ್ತಮ, ಏಕೆಂದರೆ ಅದು ಹರಿದು ಎಲುಬಿಗೆ ಇಳಿಯುವುದಿಲ್ಲ. ಬೆರಳಿನ ಬೆವರಿನ ಉಪ್ಪೇ ಅಲಗಿನ ದೊಡ್ಡ ಶತ್ರು. ಯಾರಿಗಾದರೂ ತೋರಿಸಿದ ಮೇಲೆ ಒರೆಸದೆ ಒಳಗಿಡಬೇಡಿ.

ಹಳೆಯ ಅಲಗು ಕಪ್ಪಾಗಿದೆ. ಉಜ್ಜಿ ಹೊಳಪು ಬರಿಸಲಾ?

ಬೇಡ. ಈ ಒಂದು ಉತ್ತರವನ್ನು ಗೋಡೆಗೆ ಅಂಟಿಸಿಕೊಂಡರೂ ತಪ್ಪಿಲ್ಲ. ಬೂದು, ನೀಲಿ, ಕಪ್ಪು ಬಣ್ಣದ ಗಟ್ಟಿ ಪೊರೆ ಉಕ್ಕನ್ನು ಕಾಯುತ್ತದೆ, ಚಾಕುವಿನ ವಯಸ್ಸಿಗೆ ಸಾಕ್ಷಿಯೂ ಹೌದು. ತೆಗೆಯಬೇಕಾದದ್ದು ಕೆಂಪು ತುಕ್ಕು ಮಾತ್ರ, ಏಕೆಂದರೆ ಅದು ಒಳಕ್ಕೆ ತಿನ್ನುತ್ತಲೇ ಹೋಗುತ್ತದೆ. ಎಣ್ಣೆ ಹಚ್ಚಿ ಒಂದು ದಿನ ಬಿಡಿ. ಮಾರನೆಯ ದಿನ ತಾಮ್ರದ ತುಂಡಿನ ಅಂಚಿನಿಂದ ಹೆರೆಯಿರಿ. ತಾಮ್ರ ಉಕ್ಕಿಗಿಂತ ಮೆದು, ಗೀರು ಬೀಳದು. ಉಳಿದದ್ದಕ್ಕೆ 0000 ದರ್ಜೆಯ ಉಕ್ಕಿನ ನಾರನ್ನು ಎಣ್ಣೆಯಲ್ಲಿ ಅದ್ದಿ, ತುಕ್ಕಿನ ಚುಕ್ಕೆಯ ಮೇಲಷ್ಟೇ, ಅಲಗಿನ ಉದ್ದಕ್ಕೆ ಉಜ್ಜಿ. ಮುದ್ರೆಯ ಮೇಲೆ ನಾರು ಹಾಕಬೇಡಿ, ಮರದ ಹಲ್ಲುಕಡ್ಡಿ ಸಾಕು. ಸುತ್ತುವ ಹೊಳಪು ಚಕ್ರಕ್ಕೆ ಒಡ್ಡಿದರೆ ಮುದ್ರೆಯ ಅಂಚು ಕರಗುತ್ತದೆ, ಅಲಗಿನ ಏಣುಗಳು ದುಂಡಾಗುತ್ತವೆ, ಬಿಸಿಗೆ ಬಾಯಿಯ ಗಟ್ಟಿತನವೂ ಹೋಗುತ್ತದೆ. ಇದ್ಯಾವುದನ್ನೂ ಮರಳಿ ತರಲಾಗದು.

ಸಾಣೆ ಹಿಡಿಯಬಹುದಾ?

ಬಳಸುವ ಚಾಕುವಿಗೆ ಧಾರಾಳವಾಗಿ. ಬದಿಗೆ 15ರಿಂದ 20 ಡಿಗ್ರಿ ಕೋನ, 1000 ಗ್ರಿಟ್‌ನ (ಅಂಕಿ ಹೆಚ್ಚಿದಷ್ಟೂ ಕಲ್ಲು ನಯ) ಸಾಣೆಕಲ್ಲು, ಆಮೇಲೆ ಚರ್ಮದ ಪಟ್ಟಿ. ತೀರ ಮೊಂಡಾಗಿದ್ದರೆ ಮಾತ್ರ 400ರ ಕಲ್ಲಿನಿಂದ ಶುರುಮಾಡಿ. ಕಾರ್ಖಾನೆಯ ಬಾಯಿ ಹಾಗೇ ಇರುವ ಹಳೆಯ ಚಾಕುವಿಗೆ ಮಾತ್ರ ಕಲ್ಲು ಮುಟ್ಟಿಸಲೇಬೇಡಿ.

ಬಿಚ್ಚಿ ತೊಳೆಯಬಹುದಾ?

ಸ್ಕ್ರೂ ಇರುವ ಹೊಸ ಚಾಕುಗಳನ್ನು ಬಿಚ್ಚಬಹುದು. ಪಿನ್ ಹೊಡೆದವುಗಳನ್ನು ಬಿಚ್ಚಬಾರದು, ಪಿನ್ ತೆಗೆದರೆ ಸ್ಕೇಲ್ ಸೀಳುತ್ತದೆ. ಸ್ಕ್ರೂಗಳು ಹೆಚ್ಚಾಗಿ ಟಿ6 ಮತ್ತು ಟಿ8 ಅಳತೆಯ ಟಾರ್ಕ್ಸ್, ಅಂದರೆ ತಲೆಯಲ್ಲಿ ನಕ್ಷತ್ರದಾಕಾರದ ಗುಳಿ ಇರುವಂಥವು. ತಿರುಗದಿದ್ದರೆ ಬಲ ಹಾಕಬೇಡಿ. ಒಳಗೆ ಹಾಕಿದ ಅಂಟು ಬಿಸಿಗೆ ಸಡಿಲಾಗುತ್ತದೆ, ಕಾದ ಬೆಸುಗೆ ಕಡ್ಡಿಯ (ಸೋಲ್ಡರಿಂಗ್ ಐರನ್) ತುದಿಯನ್ನು ಸ್ಕ್ರೂ ತಲೆಗೆ ಅರ್ಧ ನಿಮಿಷ ತಾಗಿಸಿ ನೋಡಿ. ಬಿಚ್ಚುವಾಗ ಪ್ರತಿ ಹಂತದ ಫೋಟೋ ತೆಗೆದಿಡಿ, ತೆಳು ವಾಷರುಗಳು ಯಾವ ಬದಿಯವು ಎಂದು ಆಮೇಲೆ ನೆನಪಿರುವುದಿಲ್ಲ. ಮರುಜೋಡಿಸುವಾಗ ಕೀಲಿನ ಸ್ಕ್ರೂವನ್ನು ಪೂರ್ತಿ ಬಿಗಿದು, ಅಲಗು ಸಲೀಸಾಗಿ ಆಡುವವರೆಗೆ ಎಂಟನೇ ಒಂದು ಸುತ್ತಿನಂತೆ ಸಡಿಲಿಸುತ್ತ ಬನ್ನಿ. ತಯಾರಕರ ಖಾತರಿ ಬಿಚ್ಚಿದ ಮೇಲೂ ಉಳಿಯುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಿ.

ಲೆಕ್ಕ ಇಡೋದು ಹೇಗೆ?

ಪ್ರತಿ ಚಾಕುವಿಗೆ ಒಂದು ಸಂಖ್ಯೆ ಕೊಟ್ಟು ತಯಾರಕ, ಮಾದರಿ, ಮುದ್ರೆಯ ಪೂರ್ತಿ ಪಠ್ಯ, ಮಡಚಿದ ಉದ್ದ, ತೂಕ, ಕೊಂಡ ದಿನ, ಕೊಟ್ಟ ಹಣ, ಕಂಡ ದೋಷ ಬರೆದಿಡಿ. ಸಂಖ್ಯೆಯನ್ನು ಪೊಟ್ಟಣದ ಮೇಲೆ ಬರೆಯಿರಿ, ಚಾಕುವಿಗೆ ಚೀಟಿ ಅಂಟಿಸಬೇಡಿ. ಅಂಟು ಎಲುಬಿನ ಬಣ್ಣ ಕೀಳುತ್ತದೆ. ಮೂಲ ಡಬ್ಬಿ, ಕಾಗದ ಇದ್ದರೆ ಬಿಸಾಡಬೇಡಿ.

ಒಂದೇ ಡ್ರಾಯರಿನಲ್ಲಿ ಒಂದು ಚಾಕುವಿನ ಸುತ್ತ ಇರುವ ಚಾಕುಗಳಿಗೆಲ್ಲ ತುಕ್ಕು ಬರ್ತಿದೆ. ಎಣ್ಣೆ ಹಚ್ಚಿದರೂ ನಿಲ್ಲುತ್ತಿಲ್ಲ, ಯಾಕೆ?

ಮಧ್ಯದ ಚಾಕುವಿನ ಹಿಡಿ ಸೆಲ್ಯುಲಾಯ್ಡ್ ಆಗಿರಬೇಕು. ಇಪ್ಪತ್ತನೇ ಶತಮಾನದ ಮೊದಲ ಅರ್ಧದ ಮುತ್ತಿನ ಹೊಳಪಿನ, ಆಮೆಚಿಪ್ಪಿನಂಥ, ಬಣ್ಣಬಣ್ಣದ ಪಟ್ಟೆಯ ಹಿಡಿಗಳಲ್ಲಿ ಬಹಳಷ್ಟು ಅದೇ. ನೈಟ್ರೇಟ್ ಸೇರಿದ ಸೆಲ್ಯುಲೋಸಿಗೆ ಕರ್ಪೂರ ಬೆರೆಸಿ ಮಾಡಿದ ಈ ಪ್ಲಾಸ್ಟಿಕ್ ಕೊಳೆಯತೊಡಗಿದಾಗ ನೈಟ್ರೋಜನ್ ಆಕ್ಸೈಡ್ ಅನಿಲ ಬಿಡುತ್ತದೆ. ಅದು ಗಾಳಿಯ ತೇವದೊಂದಿಗೆ ಸೇರಿ ಆಮ್ಲವಾಗಿ ತನ್ನ ಲೈನರನ್ನೂ ನೆರೆಯ ಅಲಗುಗಳನ್ನೂ ತಿನ್ನುತ್ತದೆ. ಮುಚ್ಚಿದ ಪೆಟ್ಟಿಗೆಯಲ್ಲಿ ಅನಿಲ ಕೂಡಿಕೊಂಡಷ್ಟೂ ಕೊಳೆಯುವ ವೇಗ ಹೆಚ್ಚು.

ಹಿಡಿಯ ಮೇಲೆ ಚೌಕಚೌಕ ಬಿರುಕು, ಪಿನ್ನುಗಳ ಸುತ್ತ ಹಸಿರು, ಕಟುವಾದ ವಾಸನೆ ಕಂಡರೆ ಆ ಚಾಕುವನ್ನು ಆ ದಿನವೇ ಬೇರೆ ಕೋಣೆಗೆ ಸಾಗಿಸಿ. ಗಾಳಿಯಾಡುವ ತೆರೆದ ತಟ್ಟೆಯಲ್ಲಿ, ತಂಪಾದ, ಬಿಸಿಲು ಬೀಳದ ಜಾಗದಲ್ಲಿ ಇಡಿ. ಸೆಲ್ಯುಲಾಯ್ಡ್‌ಗೆ ಬೆಂಕಿ ಬಲು ಬೇಗ ಹತ್ತುತ್ತದೆ, ಒಲೆ, ದೀಪ, ಬೆಸುಗೆ ಕಡ್ಡಿ ಹತ್ತಿರ ತರಬಾರದು. ಕೊಳೆತ ಸ್ಕೇಲನ್ನು ತಡೆಯುವ ಉಪಾಯವಿಲ್ಲ. ತಿಂಗಳಿಗೊಮ್ಮೆ ಅಲಗನ್ನು ಒರೆಸಿ ಮೇಣ ಹಚ್ಚುತ್ತ ಬನ್ನಿ. ಹಿಡಿ ಪುಡಿಯಾಗತೊಡಗಿದರೆ, ಚಾಕು ರಿಪೇರಿ ಬಲ್ಲವರಿಂದ ಸ್ಕೇಲ್ ತೆಗೆಸಿ ಉಕ್ಕನ್ನಾದರೂ ಉಳಿಸಿಕೊಳ್ಳಿ, ಮತ್ತು ಯಾವ ದಿನ ಏನು ಬದಲಿಸಿದಿರಿ ಎಂದು ಲೆಕ್ಕದ ಪುಸ್ತಕದಲ್ಲಿ ಬರೆಯಿರಿ. ಉಳಿದ ಸೆಲ್ಯುಲಾಯ್ಡ್ ಹಿಡಿಗಳು ಈಗ ಚೆನ್ನಾಗಿಯೇ ಕಂಡರೂ ಅವುಗಳನ್ನು ಮಿಕ್ಕ ಚಾಕುಗಳ ಜೊತೆ ಇಡಬೇಡಿ.